ಆಕ್ಯುಪೇಷನಲ್ ಥೆರಪಿ: ಏನು, ಎಲ್ಲಿ, ಯಾರ ಖರ್ಚಿನಲ್ಲಿ?

ನಿಮ್ಮ ತರಗತಿಯ ಹಾಜರಿ ಪುಸ್ತಕವನ್ನು ಒಮ್ಮೆ ಮನಸ್ಸಿನಲ್ಲೇ ತಿರುವಿಹಾಕಿ. ಬಾಯಲ್ಲಿ ಉತ್ತರ ಸರಿಯಾಗಿ ಹೇಳಿ, ಬರೆಯಲು ಕುಳಿತಾಗ ಮಾತ್ರ ಹಿಂದೆ ಬೀಳುವ ಮಗುವೊಂದು ಅಲ್ಲಿ ಇರಬಹುದು. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವ, ಅಂಗಿಯ ಗುಂಡಿ ಹಾಕಿಕೊಳ್ಳಲಾಗದ, ಬಿಸಿಯೂಟದ ತಟ್ಟೆಯ ಸುತ್ತ ಅನ್ನ ಚೆಲ್ಲುವ ಮಗು. ಅಂಥ ಮಗುವಿಗೆ ‘ಸೋಮಾರಿ’, ‘ಒಡ್ಡ’ ಎಂಬ ಹೆಸರು ಬೇಗ ಅಂಟಿಬಿಡುತ್ತದೆ. ಹಾಗೆಯೇ ಪಾರ್ಶ್ವವಾಯು ಬಡಿದು, ಆಸ್ಪತ್ರೆಯಿಂದ ಮನೆಗೆ ಮರಳಿದ ಹಿರಿಯರೊಬ್ಬರನ್ನು ನೆನೆಯಿರಿ. ಜೀವವೇನೋ ಉಳಿಯಿತು, ಆದರೆ ಲೋಟ ಎತ್ತಿ ನೀರು ಕುಡಿಯಲು, ಪಂಚೆ ಉಟ್ಟುಕೊಳ್ಳಲು ಇನ್ನೊಬ್ಬರ ಕೈ ಬೇಕು.

ಈ ಇಬ್ಬರಿಗೂ ನೆರವಾಗಬಲ್ಲ ಚಿಕಿತ್ಸೆ ಒಂದೇ. ಅದರ ಹೆಸರು ಆಕ್ಯುಪೇಷನಲ್ ಥೆರಪಿ. ಕನ್ನಡದಲ್ಲಿ ಇದನ್ನು ‘ಔದ್ಯೋಗಿಕ ಚಿಕಿತ್ಸೆ’ ಎನ್ನುವುದುಂಟು. ಈ ಚಿಕಿತ್ಸೆ ಏನು ಮಾಡುತ್ತದೆ, ಅದರ ಹಿಂದಿನ ವಿಜ್ಞಾನವೇನು, ನಮ್ಮ ಸರ್ಕಾರಿ ಆರೋಗ್ಯ ವಿಮೆಗಳಲ್ಲಿ ಅದಕ್ಕೆ ಜಾಗವಿದೆಯೆ, ಹತ್ತಿರದ ಚಿಕಿತ್ಸಕರನ್ನು ಹುಡುಕುವುದು ಹೇಗೆ? ಇವಿಷ್ಟನ್ನು ಈ ಲೇಖನದಲ್ಲಿ ನೋಡೋಣ. ಭೌತಶಾಸ್ತ್ರದ ಮೇಷ್ಟರಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ಸನ್ನೆ, ಘರ್ಷಣೆ, ಒತ್ತಡ ಇವು ಪಾಠಪುಸ್ತಕದಿಂದ ಎದ್ದು ಬಂದು ಮನುಷ್ಯನ ಕೈ ಹಿಡಿಯುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಕ್ಷೇತ್ರಗಳು ಕಡಿಮೆ.

ಹೆಸರಿನ ಗೊಂದಲ

‘ಔದ್ಯೋಗಿಕ’ ಎಂಬ ಪದ ಕೇಳಿ, ಇದು ನೌಕರಿ ಕೊಡಿಸುವ ವ್ಯವಸ್ಥೆ ಎಂದುಕೊಂಡವರುಂಟು. ಆಸ್ಪತ್ರೆಯಲ್ಲಿ ‘ಓ.ಟಿ. ಎಲ್ಲಿದೆ?’ ಎಂದು ಕೇಳಿದರೆ ಆಪರೇಷನ್ ಥಿಯೇಟರಿನ ಕಡೆಗೆ ಬೆರಳು ತೋರಿಸುತ್ತಾರೆ. ಇಲ್ಲಿ ‘ಆಕ್ಯುಪೇಷನ್’ ಎಂದರೆ ಸಂಬಳದ ಕೆಲಸವಲ್ಲ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ನಾವು ತೊಡಗುವ ಎಲ್ಲ ಕ್ರಿಯೆಗಳೂ ಅದರಲ್ಲಿ ಸೇರಿವೆ: ಹಲ್ಲುಜ್ಜುವುದು, ಸ್ನಾನ, ಉಡುಪು, ಊಟ, ಅಡುಗೆ, ಬರವಣಿಗೆ, ಆಟ, ಬಸ್ಸು ಹತ್ತುವುದು.

ಫಿಸಿಯೋಥೆರಪಿಗೂ ಇದಕ್ಕೂ ವ್ಯತ್ಯಾಸವೇನು? ಸ್ಥೂಲವಾಗಿ ಹೀಗೆ ಹೇಳಬಹುದು. ಫಿಸಿಯೋಥೆರಪಿ ಸ್ನಾಯುವಿನ ಬಲ, ಕೀಲಿನ ಚಲನೆ, ನಡಿಗೆ, ನೋವು ಇವುಗಳ ಕಡೆ ಹೆಚ್ಚು ಗಮನ ಕೊಡುತ್ತದೆ. ಆಕ್ಯುಪೇಷನಲ್ ಥೆರಪಿ ಇರುವ ಬಲದಿಂದಲೇ ದಿನನಿತ್ಯದ ಕೆಲಸವನ್ನು ಸಾಧಿಸುವುದು ಹೇಗೆಂದು ನೋಡುತ್ತದೆ. ಅದಕ್ಕಾಗಿ ಮೂರು ದಾರಿ ಹಿಡಿಯುತ್ತದೆ. ಮೊದಲನೆಯದು, ವ್ಯಕ್ತಿಗೆ ಅಭ್ಯಾಸ ಮಾಡಿಸುವುದು. ಎರಡನೆಯದು, ಕೆಲಸ ಮಾಡುವ ವಿಧಾನವನ್ನು ಬದಲಿಸುವುದು. ಮೂರನೆಯದು, ಉಪಕರಣವನ್ನೋ ಮನೆಯನ್ನೋ ವ್ಯಕ್ತಿಗೆ ತಕ್ಕಂತೆ ಮಾರ್ಪಡಿಸುವುದು. ಎರಡೂ ಚಿಕಿತ್ಸೆಗಳು ಒಟ್ಟಿಗೆ ಬೇಕಾಗುವ ಸಂದರ್ಭಗಳು ಬಹಳ.

ಈ ವೃತ್ತಿಯ ಮೊದಲ ಸಂಘ 1917ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬಲ್ಲಿ ಸ್ಥಾಪನೆಯಾಯಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಪುನರ್ವಸತಿಯ ಅಗತ್ಯ ಅದರ ಬೆಳವಣಿಗೆಗೆ ಕಾರಣವಾಯಿತು. ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿದ ಎಲಿಜಬೆತ್ ಲುಂಡಿ ಅವರು ಭಾರತೀಯರನ್ನು ಮದುವೆಯಾಗಿ ಈ ಹೆಸರು ಪಡೆದರು. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅವರು ತೆರೆದ ಶಾಲೆ ಏಷ್ಯಾದಲ್ಲೇ ಮೊದಲನೆಯದು. 1952ರಲ್ಲಿ ಅಖಿಲ ಭಾರತ ಸಂಘವೂ ಹುಟ್ಟಿತು. ಅದೇ ವರ್ಷ ರೂಪುಗೊಂಡ ವಿಶ್ವ ಒಕ್ಕೂಟದ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು.

ಲೋಟದಲ್ಲಿ ಅಡಗಿರುವ ಭೌತಶಾಸ್ತ್ರ

ನೀರು ತುಂಬಿದ ಲೋಟದ ರಾಶಿ 300 ಗ್ರಾಂ ಇರಲಿ. ಅದರ ತೂಕ ಸುಮಾರು 3 ನ್ಯೂಟನ್. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳುಗಳು ಇನ್ನೊಂದು ಕಡೆ ಒತ್ತಿದಾಗ ಎರಡೂ ಬದಿಯ ಘರ್ಷಣೆ ಸೇರಿ ಈ ತೂಕವನ್ನು ಹೊರಬೇಕು. ನುಣುಪಾದ ಸ್ಟೀಲಿಗೂ ಬೆರಳಿಗೂ ನಡುವಿನ ಘರ್ಷಣಾ ಗುಣಾಂಕವನ್ನು 0.3 ಎಂದು ಹಿಡಿದರೆ, ಪ್ರತಿ ಬದಿಯಲ್ಲೂ ಕನಿಷ್ಠ 5 ನ್ಯೂಟನ್ ಬಲದಿಂದ ಒತ್ತಬೇಕು. ಲೋಟಕ್ಕೆ ರಬ್ಬರ್ ಪಟ್ಟಿ ಸುತ್ತಿ ಗುಣಾಂಕವನ್ನು 0.75ಕ್ಕೆ ಏರಿಸಿದರೆ? 2 ನ್ಯೂಟನ್ ಸಾಕು! ಕೈಯ ಬಲ ಹೆಚ್ಚಿಲ್ಲ. ಕೆಲಸ ಮಾತ್ರ ಸಾಧ್ಯವಾಯಿತು.

ಇನ್ನು ತೋಳು. ನಮ್ಮ ಮುಂಗೈ ಮೂರನೆಯ ವರ್ಗದ ಸನ್ನೆ. ಮೊಣಕೈ ಆಧಾರ ಬಿಂದು. ತೋಳಿನ ಮುಂಭಾಗದ ಸ್ನಾಯು ಅಲ್ಲಿಂದ ಸುಮಾರು 4 ಸೆಂ.ಮೀ. ದೂರದಲ್ಲಿ ಎಳೆಯುತ್ತದೆ, ಅಂಗೈಯಲ್ಲಿನ ಭಾರ 32 ಸೆಂ.ಮೀ. ದೂರದಲ್ಲಿದೆ ಎನ್ನಿ. ಮುಂಗೈಯನ್ನು ನೆಲಕ್ಕೆ ಸಮಾಂತರವಾಗಿ ಚಾಚಿ 1 ಕೆ.ಜಿ. ಭಾರ ಹಿಡಿದರೆ ಸ್ನಾಯು ಅದರ ಎಂಟರಷ್ಟು ಬಲ, ಅಂದರೆ ಸುಮಾರು 80 ನ್ಯೂಟನ್, ಹಾಕಬೇಕು. ಮುಂಗೈಯ ಸ್ವಂತ ತೂಕ ಬೇರೆ. ಪಾರ್ಶ್ವವಾಯುವಿನಿಂದ ಬಲಗುಂದಿದವರಿಗೆ ಊಟದ ಒಂದೊಂದು ತುತ್ತೂ ಏಕೆ ಭಾರವೆಂದು ಇದರಿಂದ ತಿಳಿಯುತ್ತದೆ. ತಟ್ಟೆಯನ್ನು ನೆಲದ ಮೇಲಿಡದೆ ಎತ್ತರದ ಮೇಜಿನ ಮೇಲಿಟ್ಟು, ಮೊಣಕೈಯನ್ನು ಅಲ್ಲೇ ಊರಲು ಅವಕಾಶ ಮಾಡಿದರೆ ಕೈ ಏರಬೇಕಾದ ದೂರ ಕಡಿಮೆಯಾಗುತ್ತದೆ, ತೋಳನ್ನು ಎತ್ತಿಹಿಡಿಯುವ ಶ್ರಮವೂ ತಪ್ಪುತ್ತದೆ.

ಹಾಗೆಯೇ, ತಿರುಗಿಸುವ ಪರಿಣಾಮ ಬಲ ಮತ್ತು ದೂರಗಳ ಗುಣಲಬ್ಧವಷ್ಟೆ. 2 ಸೆಂ.ಮೀ. ತ್ರಿಜ್ಯದ ನಲ್ಲಿಯ ಬದಲು 10 ಸೆಂ.ಮೀ. ಉದ್ದದ ಹಿಡಿಯಿರುವ ನಲ್ಲಿ ಹಾಕಿದರೆ ಐದನೇ ಒಂದರಷ್ಟು ಬಲ ಸಾಕು. ಸಂಧಿವಾತದಿಂದ ಬೆರಳು ನೋಯುವವರಿಗೆ ಇದು ಸಣ್ಣ ಸಂಗತಿಯಲ್ಲ.

ಸುಟ್ಟಗಾಯದಿಂದ, ಸ್ನಾಯುಗಳ ಬಿಗಿತದಿಂದ ಸೆಟೆದ ಕೈಗೆ ಚಿಕಿತ್ಸಕರು ಸ್ಪ್ಲಿಂಟ್ ಎಂಬ ಆಧಾರಪಟ್ಟಿ ಮಾಡಿಕೊಡುತ್ತಾರೆ. ಇದಕ್ಕೆ ಬಳಸುವ ಪ್ಲಾಸ್ಟಿಕ್ ಹಾಳೆ ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ. ನೀರಿನಿಂದ ತೆಗೆದು ಒರೆಸಿ, ತುಸು ಆರಿದ ಮೇಲೆ ಕೈಯ ಆಕಾರಕ್ಕೇ ಒತ್ತಿದರೆ ತಣಿದು ಗಟ್ಟಿಯಾಗುತ್ತದೆ. ಅದರ ಪಟ್ಟಿಗಳು ಅಗಲವಾಗಿರುವುದೇಕೆ? ಒಂದೇ ಬಲ 1 ಸೆಂ.ಮೀ. ಬದಲು 4 ಸೆಂ.ಮೀ. ಅಗಲದ ಪಟ್ಟಿಯ ಮೇಲೆ ಹರಡಿದಾಗ ಚರ್ಮದ ಮೇಲಿನ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ.

ತಿಂಗಳುಗಳೇ ಏಕೆ ಬೇಕು?

ದಿನಸಿ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅರ್ಧ ಗಂಟೆ ಹೊತ್ತು ನಡೆದರೆ ಅದರ ಹಿಡಿ ನಿಧಾನವಾಗಿ ಉದ್ದವಾಗುತ್ತದೆ. ಜೋರಾಗಿ ಜಗ್ಗಿದರೆ ಹರಿಯುತ್ತದೆ. ನಮ್ಮ ಕೀಲುಗಳ ಸುತ್ತಲಿನ ಅಂಗಾಂಶವೂ ಸ್ವಲ್ಪ ಹೀಗೆಯೇ: ಸಣ್ಣ ಬಲ, ದೀರ್ಘ ಕಾಲ. ಅವಸರ ಮಾಡಿದರೆ ಗಾಯ.

ಮಿದುಳಿನ ಕಥೆ ಇನ್ನೂ ಸ್ವಾರಸ್ಯಕರ. ಒಂದು ಭಾಗ ಹಾನಿಗೊಂಡಾಗ ಉಳಿದ ನರಕೋಶಗಳು ಹೊಸ ಸಂಪರ್ಕಗಳನ್ನು ಬೆಳೆಸಿ ಆ ಕೆಲಸವನ್ನು ಅಷ್ಟಿಷ್ಟು ವಹಿಸಿಕೊಳ್ಳಬಲ್ಲವು. ಆದರೆ ಅದಕ್ಕೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕು. ಅಮೆರಿಕದಲ್ಲಿ 222 ಪಾರ್ಶ್ವವಾಯು ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ಗುಂಪಿನವರ ಚೆನ್ನಾಗಿರುವ ಕೈಗೆ ಎರಡು ವಾರ ಗವಸು ತೊಡಿಸಿ, ದುರ್ಬಲ ಕೈಯಿಂದಲೇ ಕೆಲಸ ಮಾಡಿಸಲಾಯಿತು. ಸಾಮಾನ್ಯ ಆರೈಕೆ ಪಡೆದವರಿಗಿಂತ ಇವರ ಕೈಬಳಕೆ ಹೆಚ್ಚು ಸುಧಾರಿಸಿತು. ಒಂದು ವರ್ಷದ ನಂತರವೂ ಆ ಲಾಭ ಉಳಿದಿತ್ತು. ಪಾರ್ಶ್ವವಾಯುವಿನ ನಂತರದ ಚೇತರಿಕೆಯ ಹೆಚ್ಚಿನ ಪಾಲು ಮೊದಲ ಮೂರರಿಂದ ಆರು ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಕ್ಕಳಲ್ಲಿ ಆರು ವರ್ಷದೊಳಗಿನ ಅವಧಿ ಬಹಳ ಮುಖ್ಯ. ಆಮೇಲೆ ಸುಧಾರಣೆಯೇ ಇಲ್ಲ ಎಂದಲ್ಲ. ಆದರೆ ಕಳೆದುಹೋದ ತಿಂಗಳುಗಳ ಬೆಲೆ ದೊಡ್ಡದು.

ವಿಮೆ ಮತ್ತು ಈ ಚಿಕಿತ್ಸೆ: ಹೊಂದಾಣಿಕೆ ಏಕಿಲ್ಲ?

ಈಗ ಖರ್ಚಿನ ವಿಷಯಕ್ಕೆ ಬರೋಣ. ಲೆಕ್ಕಕ್ಕಾಗಿ, ಖಾಸಗಿ ಚಿಕಿತ್ಸಕರ ಒಂದು ಭೇಟಿಗೆ 500 ರೂಪಾಯಿ ಎಂದು ಇಟ್ಟುಕೊಳ್ಳಿ. ವಾರಕ್ಕೆ ಎರಡು ಬಾರಿಯಂತೆ ಆರು ತಿಂಗಳಿಗೆ 52 ಭೇಟಿ, ಅಂದರೆ 26,000 ರೂಪಾಯಿ. ಇದಕ್ಕೆ 52 ಸಲದ ಬಸ್ ಚಾರ್ಜನ್ನೂ ಜೊತೆಗೆ ಹೋಗುವ ತಾಯಿಯ 52 ದಿನದ ಕೂಲಿಯನ್ನೂ ಸೇರಿಸಿ. ಬಡ ಕುಟುಂಬಗಳು ನಾಲ್ಕಾರು ಭೇಟಿಗಳ ನಂತರ ಚಿಕಿತ್ಸೆ ನಿಲ್ಲಿಸುವುದರಲ್ಲಿ ಆಶ್ಚರ್ಯವೇನಿದೆ?

‘ನಮ್ಮ ಹತ್ತಿರ ಆಯುಷ್ಮಾನ್ ಕಾರ್ಡ್ ಇದೆಯಲ್ಲ’ ಎಂದು ಅನೇಕರು ಧೈರ್ಯದಿಂದಿರುತ್ತಾರೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ 2018ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ನಮ್ಮ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಅದೇ ವರ್ಷದ ಕೊನೆಯಲ್ಲಿ ಅದರೊಂದಿಗೆ ವಿಲೀನವಾಯಿತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ ಎಂದು ಆಗ ಗೊತ್ತುಪಡಿಸಲಾಯಿತು. ಆದರೆ ಈ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವವರಿಗೆ. ಕೇಂದ್ರ ಯೋಜನೆಯಲ್ಲಿ ಬಿಡುಗಡೆಯ ನಂತರದ ಖರ್ಚಿಗೆ ಸಿಗುವ ಅವಧಿ 15 ದಿನ. ಆಕ್ಯುಪೇಷನಲ್ ಥೆರಪಿಗೆ ಬೇಕಾದದ್ದು ತಿಂಗಳುಗಟ್ಟಲೆ, ಅದೂ ಹೊರರೋಗಿಯಾಗಿ.

ಇದಕ್ಕೆ ಕಾರಣವಿದೆ. ಒಮ್ಮೆಲೇ ಬಂದೆರಗುವ ದೊಡ್ಡ ಖರ್ಚಿನಿಂದ ಕುಟುಂಬವನ್ನು ಕಾಪಾಡುವುದು ವಿಮೆಯ ಮೂಲ ಉದ್ದೇಶ. ಶಸ್ತ್ರಚಿಕಿತ್ಸೆಗೆ ಒಂದು ದಿನಾಂಕವಿದೆ, ಒಂದು ದರವಿದೆ. ಗುಂಡಿ ಹಾಕಲು ಕಲಿಸುವುದಕ್ಕೆ ಅಂಥ ದಿನಾಂಕವಾಗಲಿ ದರವಾಗಲಿ ಇಲ್ಲ. ಆದ್ದರಿಂದ ಪ್ಯಾಕೇಜುಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ಸಿಗುವುದು ಕಷ್ಟ. ಹೀಗಾಗಿ ಒಂದು ಮಾತನ್ನು ನೆನಪಿಡಿ: ದಾಖಲಾಗಿರುವ ದಿನಗಳಲ್ಲೇ ಈ ಚಿಕಿತ್ಸೆ ಆರಂಭಿಸುವಂತೆ ವೈದ್ಯರನ್ನು ಕೇಳಿಕೊಳ್ಳಬೇಕು, ಬಿಡುಗಡೆಯಾಗುವ ಮುನ್ನ ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳನ್ನು ಬರೆಸಿಕೊಳ್ಳಬೇಕು.

ತೆರೆದಿರುವ ಬಾಗಿಲುಗಳು

ವಿಮೆ ಒಂದೇ ದಾರಿಯಲ್ಲ. ಸರ್ಕಾರ ನೇರವಾಗಿ ನಡೆಸುವ ಸೇವೆಗಳೂ ಇವೆ. ಒಂದೊಂದಾಗಿ ನೋಡೋಣ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ: 2013ರಲ್ಲಿ ಶುರುವಾದ ಇದು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ. ಸಂಚಾರಿ ಆರೋಗ್ಯ ತಂಡ ಅಂಗನವಾಡಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಬಾರಿ ಬಂದು ತಪಾಸಣೆ ಮಾಡಬೇಕು. ಬೆಳವಣಿಗೆಯ ವಿಳಂಬ ಕಂಡರೆ ಜಿಲ್ಲಾ ಮಟ್ಟದ ‘ಶೀಘ್ರ ಮಧ್ಯಸ್ಥಿಕೆ ಕೇಂದ್ರ’ಕ್ಕೆ ಕಳಿಸುತ್ತಾರೆ. ಡಿ.ಇ.ಐ.ಸಿ. ಎಂದು ಕೇಳಿದರೆ ಆಸ್ಪತ್ರೆಯಲ್ಲಿ ಬೇಗ ಗುರುತಿಸುತ್ತಾರೆ. ಇಲ್ಲಿನ ಸೇವೆ ಉಚಿತ. ಎಲ್ಲ ಕೇಂದ್ರಗಳಲ್ಲೂ ಪ್ರತ್ಯೇಕ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದೇ ಇರುತ್ತಾರೆಂದು ಭಾವಿಸಬೇಡಿ. ಹೋಗುವ ಮುನ್ನ ವಿಚಾರಿಸಿ.

ಇ.ಎಸ್.ಐ.: 1948ರ ಕಾಯಿದೆಯಿಂದ ಹುಟ್ಟಿದ ಈ ವಿಮೆಯಲ್ಲಿ ಹೊರರೋಗಿ ಚಿಕಿತ್ಸೆಯೂ ಸೇರಿದೆ. ಇದೇ ಅದರ ವಿಶೇಷ. ತಿಂಗಳ ಸಂಬಳದ ಮಿತಿಯನ್ನು 2017ರಲ್ಲಿ 21,000 ರೂಪಾಯಿಗೆ, ಅಂಗವಿಕಲ ನೌಕರರಿಗೆ 25,000 ರೂಪಾಯಿಗೆ ಏರಿಸಲಾಯಿತು. ನೌಕರನ ಅವಲಂಬಿತರಿಗೂ ಸೌಲಭ್ಯವಿದೆ. ನಿಮ್ಮ ವಿದ್ಯಾರ್ಥಿಯ ತಾಯಿ ಗಾರ್ಮೆಂಟ್ಸ್‌ನಲ್ಲಿದ್ದರೆ ಅವರ ಸಂಬಳದ ಚೀಟಿಯಲ್ಲಿ ಇ.ಎಸ್.ಐ. ಕಡಿತವಿದೆಯೇ ನೋಡಲು ಹೇಳಿ. ಇದ್ದರೆ ಡಿಸ್ಪೆನ್ಸರಿಯಿಂದ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯಬಹುದು. ಬೆಂಗಳೂರಿನ ರಾಜಾಜಿನಗರದಲ್ಲೂ ಕಲಬುರಗಿಯಲ್ಲೂ ಇ.ಎಸ್.ಐ.ನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ.

ನಿರಾಮಯ: 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಬರುವ ನಾಲ್ಕು ಸ್ಥಿತಿಗಳಿಗಾಗಿ ಇರುವ ವಿಮೆ ಇದು: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಮತ್ತು ಬಹುವಿಧ ನ್ಯೂನತೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಈ ವಿಮೆಯಲ್ಲಿ ಹೊರರೋಗಿ ಚಿಕಿತ್ಸೆ ಹಾಗೂ ನಿರಂತರ ಥೆರಪಿಗೂ ಒಳಮಿತಿಗೆ ಒಳಪಟ್ಟು ಹಣ ಸಿಗುತ್ತದೆ. ಸೇರುವ ಮುನ್ನ ವೈದ್ಯಕೀಯ ಪರೀಕ್ಷೆ ಇಲ್ಲ, ವಯಸ್ಸಿನ ನಿರ್ಬಂಧವಿಲ್ಲ. ಆದರೆ ಮೊದಲು ನಾವು ಖರ್ಚು ಮಾಡಿ, ರಸೀದಿ ಸಲ್ಲಿಸಿ ಮರಳಿ ಪಡೆಯಬೇಕು. ನ್ಯಾಸದಲ್ಲಿ ನೋಂದಾಯಿತವಾದ ಸ್ವಯಂಸೇವಾ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು, ಪ್ರತಿ ವರ್ಷ ನವೀಕರಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದ್ದರೂ ನಿರಾಮಯ ಸಿಗುವುದು ಈ ನಾಲ್ಕಕ್ಕೆ ಮಾತ್ರ ಎಂಬುದನ್ನು ಗಮನಿಸಿ.

ಸಂಸ್ಥೆಗಳು: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪುನರ್ವಸತಿ ವಿಭಾಗಗಳಿವೆ. ಮಧ್ಯ ಕರ್ನಾಟಕದವರಿಗೆ ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಮಾತು, ಶ್ರವಣದ ತೊಂದರೆಯೂ ಜೊತೆಗಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿಯ ಪದವಿ ಶಿಕ್ಷಣವೇ ಇದೆ. ಅಂಥ ಬೋಧನಾ ವಿಭಾಗಗಳಲ್ಲಿ ವಿಚಾರಿಸಿದರೆ ನಿಮ್ಮ ಜಿಲ್ಲೆಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳ ಸುಳಿವೂ ಸಿಗಬಹುದು.

ಹುಡುಕುವ ಕ್ರಮ

ಹಳ್ಳಿಯಲ್ಲಿರುವವರು ಮೊದಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಬೇಕು. ವಿ.ಆರ್.ಡಬ್ಲ್ಯು. ಎಂದು ಕರೆಯುವ ಇವರು ಸ್ವತಃ ಥೆರಪಿಸ್ಟ್ ಅಲ್ಲ. ಆದರೆ ಪ್ರಮಾಣಪತ್ರ, ಶಿಬಿರ, ಸೌಲಭ್ಯಗಳ ಮಾಹಿತಿ ಅವರ ಬಳಿ ಇರುತ್ತದೆ. ತಾಲ್ಲೂಕು ಮಟ್ಟದಲ್ಲಿ ಎಂ.ಆರ್.ಡಬ್ಲ್ಯು. ಇದ್ದಾರೆ. ಶಾಲೆಯ ಮಗುವಾದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿ.ಐ.ಇ.ಆರ್.ಟಿ. ಶಿಕ್ಷಕರಿಗೆ ತಿಳಿಸಿ.

ನಂತರ ಜಿಲ್ಲಾ ಆಸ್ಪತ್ರೆ. ಅಲ್ಲಿ ಮೂರು ಕೆಲಸ ಒಂದೇ ಭೇಟಿಯಲ್ಲಿ ಮುಗಿಸಲು ನೋಡಿ: ಮಗುವಿನ ಮೌಲ್ಯಮಾಪನ, ಯು.ಡಿ.ಐ.ಡಿ. ಕಾರ್ಡಿಗೆ ಬೇಕಾದ ಪರೀಕ್ಷೆ, ಮತ್ತು ‘ಆಕ್ಯುಪೇಷನಲ್ ಥೆರಪಿ ಅಗತ್ಯ’ ಎಂದು ವೈದ್ಯರಿಂದ ಬರೆಸಿಕೊಳ್ಳುವುದು. ಈ ಒಂದು ಸಾಲು ಇಲ್ಲದ ಬಿಲ್ಲಿಗೆ ಯಾವ ವಿಮೆಯಲ್ಲೂ ಹಣ ಸಿಗುವುದು ಕಷ್ಟ. ಆಯುಷ್ಮಾನ್ ಕಾರ್ಡಿನ ವಿಷಯವನ್ನು ಆಸ್ಪತ್ರೆಯಲ್ಲಿರುವ ‘ಆರೋಗ್ಯ ಮಿತ್ರ’ರಲ್ಲಿ, ಇಲ್ಲವೆ 14555 ಸಂಖ್ಯೆಗೆ ಕರೆ ಮಾಡಿ ತಿಳಿಯಬಹುದು. ಸರ್ಕಾರಿ ನೌಕರರಾದ ಶಿಕ್ಷಕರು ತಮ್ಮ ಯೋಜನೆಯ ಚಿಕಿತ್ಸಾ ಪಟ್ಟಿಯಲ್ಲಿ ಹೊರರೋಗಿ ಥೆರಪಿ ಇದೆಯೇ ಎಂದು ಮೊದಲೇ ನೋಡಿಟ್ಟುಕೊಳ್ಳುವುದು ಜಾಣತನ.

ಖಾಸಗಿ ಚಿಕಿತ್ಸಕರಾದರೆ ಅರ್ಹತೆಯನ್ನು ಕೇಳಲು ಸಂಕೋಚ ಬೇಡ. ಬಿ.ಓ.ಟಿ. ಎಂಬುದು ಆಸ್ಪತ್ರೆ ತರಬೇತಿಯೂ ಸೇರಿ ನಾಲ್ಕೂವರೆ ವರ್ಷದ ಪದವಿಯಾಗಿ ನಡೆದುಬಂದಿದೆ. ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತು ಆಕ್ಯುಪೇಷನಲ್ ಥೆರಪಿಸ್ಟರನ್ನು ನೋಂದಾಯಿಸುವುದಿಲ್ಲ. 2021ರ ಕೇಂದ್ರ ಕಾಯಿದೆಯೊಂದು ಈ ವೃತ್ತಿಯನ್ನು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ವ್ಯಾಪ್ತಿಗೆ ತಂದಿದೆ. ಇನ್ನೂ ಮೂರು ಪ್ರಶ್ನೆ ಕೇಳಿ: ಗುರಿಯೇನು? ಎಷ್ಟು ವಾರದಲ್ಲಿ ಮತ್ತೆ ಅಳೆದು ನೋಡುತ್ತೀರಿ? ಮನೆಯಲ್ಲಿ ನಾವೇನು ಮಾಡಬೇಕು? ‘ಮಗು ಸುಧಾರಿಸುತ್ತದೆ’ ಎಂಬುದು ಗುರಿಯಲ್ಲ. ‘ಎಂಟು ವಾರದಲ್ಲಿ ದೊಡ್ಡ ಗುಂಡಿಗಳನ್ನು ತಾನೇ ಹಾಕಿಕೊಳ್ಳುತ್ತದೆ’ ಎಂಬುದು ಗುರಿ. ಅಳತೆಯಿಲ್ಲದೆ ವಿಜ್ಞಾನವಿಲ್ಲ ಎಂದು ನಾವು ತರಗತಿಯಲ್ಲಿ ಹೇಳುವುದು ಇಲ್ಲಿಗೂ ಅನ್ವಯ.

ಶಿಕ್ಷಕರು ಇಂದೇ ಮಾಡಬಹುದಾದದ್ದು

ಚಿಕಿತ್ಸಕರು ಸಿಗುವವರೆಗೆ ಕಾಯಬೇಕಿಲ್ಲ. ಪೆನ್ಸಿಲಿಗೆ ರಬ್ಬರ್ ಬ್ಯಾಂಡ್ ಸುತ್ತಿ ದಪ್ಪ ಮಾಡಿಕೊಡಿ. ಹಾಳೆ ಜಾರದಂತೆ ಅಂಟುಪಟ್ಟಿ ಹಚ್ಚಿ. ಪಾದ ನೇತಾಡದಂತೆ ಕಾಲ ಕೆಳಗೆ ಇಟ್ಟಿಗೆಯೊಂದನ್ನು ಇಡಿ. ಪಾದ ಊರಿದಾಗ ದೇಹ ಸ್ಥಿರವಾಗಿ, ಕೈ ಬಿಡುವಾಗುತ್ತದೆ. ಬರವಣಿಗೆಯ ಪ್ರಮಾಣ ಕಡಿಮೆ ಮಾಡಿ, ಬಾಯಿಮಾತಿನ ಉತ್ತರಕ್ಕೂ ಅಂಕ ಕೊಡಿ.

ವಿಜ್ಞಾನ ವಿದ್ಯಾರ್ಥಿಗಳಿಗೆ ಒಂದು ಚಟುವಟಿಕೆ. ಬರೆಯುವ ಕೈಗೆ ದಪ್ಪ ಕಾಲುಚೀಲ ಹಾಕಿಕೊಂಡು ಐದು ಗುಂಡಿ ಹಾಕಿ, ಸಮಯ ಅಳೆಯಿರಿ. ಬರಿಗೈಯ ಸಮಯದೊಂದಿಗೆ ಹೋಲಿಸಿ. ಅನಂತರ ಗುಂಡಿಗೆ ದಾರದ ಕುಣಿಕೆ ಕಟ್ಟಿಯೋ, ಬೇರೆ ಉಪಾಯದಿಂದಲೋ ಆ ಸಮಯವನ್ನು ಅರ್ಧಕ್ಕಿಳಿಸಲು ಯತ್ನಿಸಿ. ವಿಜ್ಞಾನ ಮೇಳಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೆ?

ಇಷ್ಟಾದರೂ ಒಂದು ಕೆಲಸವನ್ನು ಶಿಕ್ಷಕರಲ್ಲದೆ ಬೇರಾರೂ ಮಾಡಲಾರರು. ಸಂಚಾರಿ ಆರೋಗ್ಯ ತಂಡ ಶಾಲೆಗೆ ಬಂದು ಹೋಗುವುದು ಒಂದು ದಿನ. ನಿಮ್ಮ ಮುಂದೆ ಮಗು ಇರುವುದು ವರ್ಷವಿಡೀ. ಬರೆಯುವಾಗ, ಉಣ್ಣುವಾಗ, ಆಡುವಾಗ ಕಂಡದ್ದನ್ನು ದಿನಾಂಕ ಹಾಕಿ ಒಂದು ಪುಟದಲ್ಲಿ ಬರೆದಿಡಿ. ತಂಡ ಬಂದ ದಿನ ವೈದ್ಯರ ಕೈಗೆ ಕೊಡಿ. ಎಷ್ಟೋ ಮಕ್ಕಳ ಚಿಕಿತ್ಸೆಗೆ ಆ ಪುಟವೇ ಮೊದಲ ದಾಖಲೆಯಾಗುತ್ತದೆ.